ಸಾಕ್ಷಿಯೂ ಬುತ್ತಿಯೂ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಕೂಸಿನ ಮೂಗು ಮೊಂಡಾಗಿದ್ದರೆ, ಕಿವಿ ಮೊರದಷ್ಟಗಲ ಇದ್ದರೆ ಹೇಳುವ ಮಾತು ಅದು. ಅಲ್ಲಿಗೆ ಚೆಂದವೇ. ಆದರೆ ಆ ಹೆಗ್ಗಣ ಬೆಳೆದು ಪಕ್ಕದ ಮನೆಯ ಗೋಡೆ ಕೊರೆದಾಗಲೂ ನಾವು ಅದೇ ಗಾದೆಯನ್ನು ಹೇಳುತ್ತೇವಲ್ಲ, ಅದು ನನ್ನ ತಕರಾರು. ಮಗ ಕೊಲೆ ಮಾಡಲಿ, ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ಮಾಡಲಿ, ಕುಡಿದು ಗಾಡಿ ಓಡಿಸಿ ದಾರಿಹೋಕನನ್ನು ಸಾಯಿಸಲಿ, ‘ಏನು ಮಾಡೋದು, ಹೆತ್ತ ಕರುಳು’ ಎಂದು ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಅವನನ್ನು ಉಳಿಸಲು ಅಪ್ಪ ಅಮ್ಮ ಮಾಡಿದ್ದಕ್ಕೆಲ್ಲ ಮಾಫಿ. ಊರೂ ಒಪ್ಪುತ್ತದೆ, ನೆಂಟರೂ ಒಪ್ಪುತ್ತಾರೆ. ಒಪ್ಪದವನು ಕಲ್ಲೆದೆಯವನು.

ನಾನು ಒಪ್ಪುವುದಿಲ್ಲ. ಕಲ್ಲೆದೆಯವನೆಂದು ಕರೆದರೆ ಕರೆಯಲಿ. ಒಂದು ಕಾಲದಲ್ಲಿ ನಾನೂ ಒಪ್ಪಿದ್ದೆ. ಬರೀ ಒಪ್ಪಿದ್ದಲ್ಲ, ಕೈಯನ್ನೂ ಸೇರಿಸಿದ್ದೆ. ಆ ಕಾರಣಕ್ಕೇ ಈಗ ಇದನ್ನು ಬರೆಯಬೇಕಾಗಿದೆ.

2024ರ ಮೇ 19ರ ನಡುರಾತ್ರಿ ಕಳೆದ ಮೇಲೆ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನು ಹದಿನೇಳು ವರ್ಷದ ಶ್ರೀಮಂತರ ಹುಡುಗ ಎಂದು ಪೊಲೀಸರು ಹೇಳಿದರು. ಅಂದೇ ಅವನಿಗೆ ಜಾಮೀನು ಸಿಕ್ಕಿತು. ಬಾಲನ್ಯಾಯ ಮಂಡಳಿ ಹಾಕಿದ ಷರತ್ತುಗಳಲ್ಲೊಂದು ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದು. ದೇಶವೆಲ್ಲ ಆ ಪ್ರಬಂಧದ ಬಗ್ಗೆ ಮಾತಾಡಿತು, ನಕ್ಕಿತು, ಸಿಟ್ಟಾಯಿತು. ನನ್ನನ್ನು ಕಾಡಿದ್ದು ಪ್ರಬಂಧವಲ್ಲ. ಆಮೇಲೆ ಪೊಲೀಸರು ಹೊರಿಸಿದ ಎರಡು ಆರೋಪಗಳು. ಒಂದು, ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿಯನ್ನು ಎಸೆದು ಅದರ ಜಾಗದಲ್ಲಿ ಅವನ ತಾಯಿಯ ರಕ್ತವನ್ನು ಇಟ್ಟರು ಎಂಬುದು. ಇನ್ನೊಂದು, ಕಾರು ಓಡಿಸಿದವನು ತಾನೇ ಎಂದು ಒಪ್ಪಿಕೊಳ್ಳುವಂತೆ ಮನೆಯ ಡ್ರೈವರನನ್ನು ಕೂಡಿಹಾಕಿ ಮನೆಯ ಹಿರಿಯರು ಒತ್ತಾಯಿಸಿದರು ಎಂಬುದು. ಇವು ಆರೋಪಗಳು, ನಿಜವೋ ಸುಳ್ಳೋ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಎರಡನೆಯದನ್ನು ಓದುವಾಗ ಪತ್ರಿಕೆ ಹಿಡಿದಿದ್ದ ನನ್ನ ಕೈ ನಡುಗಿತು. ಹೆಂಡತಿ, “ಏನಾಯ್ತು?” ಅಂದಳು. ಏನಿಲ್ಲ ಅಂದೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯಗಳಲ್ಲಿ ಕೆಲಸ ಮಾಡಿದವನು. ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದೆ. ಕಟಕಟೆಯಲ್ಲಿ ನಿಂತವರನ್ನು ನೋಡುವುದಕ್ಕಿಂತ ಹೆಚ್ಚಾಗಿ ಅವರ ತಾಯಿ ತಂದೆಯರನ್ನು ನೋಡಿದ್ದೇನೆ. ಆರೋಪಿಗೆ ಕಟಕಟೆ ಇದೆ, ಸಾಕ್ಷಿಗೆ ಕಟಕಟೆ ಇದೆ, ಹೆತ್ತವರಿಗೆ ಮಾತ್ರ ಕೋರ್ಟಿನಲ್ಲಿ ಜಾಗವಿಲ್ಲ; ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಜವಾನ ಹೆಸರು ಕೂಗಿದ ಕೂಡಲೇ ಮಗನಿಗಿಂತ ಮೊದಲು ಅವರು ಬೆಚ್ಚುತ್ತಾರೆ. ಅವರ ಸಂಕಟ ಗೊತ್ತಿಲ್ಲದೆ ನಾನು ಈ ಮಾತು ಆಡುತ್ತಿಲ್ಲ.

1987ರಲ್ಲಿ ನಾನು ಸೆಷನ್ಸ್ ನ್ಯಾಯಾಲಯವೊಂದರಲ್ಲಿ ಬೆಂಚ್ ಕ್ಲರ್ಕ್. ಹೆಂಡತಿಯನ್ನು ಹೊಡೆದು ಕೊಂದ ಒಬ್ಬನ ಮೊಕದ್ದಮೆ ನಡೆಯುತ್ತಿತ್ತು. ಕಣ್ಣಾರೆ ನೋಡಿದವಳು ಒಬ್ಬಳೇ, ಅವನ ತಾಯಿ. ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದಳು, ಆದರೆ ಕೋರ್ಟಿನಲ್ಲಿ ತಿರುಗಿಬೀಳುತ್ತಾಳೆಂದು ಎಲ್ಲರಿಗೂ ಖಾತ್ರಿ. ಸರ್ಕಾರಿ ವಕೀಲರು ಬೆಳಗ್ಗೆಯೇ, “ಕೇಸು ಇವತ್ತಿಗೆ ಮುಗೀತು ಬಿಡಿ” ಅಂದಿದ್ದರು. ಮುದುಕಿ ಕಟಕಟೆ ಹತ್ತಿದಳು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದವನು ನಾನು. ಆಕೆ ಹೇಳಿದಳು: “ಒನಕೆ ತಗೊಂಡು ಹೊಡ್ದ. ನಾನು ಅಡ್ಡ ಹೋದೆ. ನನ್ನ ತಳ್ಳಿ ಇನ್ನೊಂದು ಏಟು ಹಾಕ್ದ.”

ಆರೋಪಿಯ ವಕೀಲರು ಗಟ್ಟಿಗರು. ಪಾಟಿಸವಾಲಿನಲ್ಲಿ, “ನಿಮಗೆ ಮಗನ ಮೇಲೆ ದ್ವೇಷ, ಅದಕ್ಕೇ ಸುಳ್ಳು ಹೇಳುತ್ತಿದ್ದೀರಿ” ಅಂದರು. ಮುದುಕಿ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ದ್ವೇಷ ಯಾಕೆ ಸ್ವಾಮಿ, ಹೆತ್ತಿದೀನಿ. ಸತ್ತೋಳನ್ನೂ ಒಬ್ಬಳು ಹೆತ್ತಿದ್ಲಲ್ಲ” ಅಂದಳು.

ಮಧ್ಯಾಹ್ನ ಕೋರ್ಟು ಎದ್ದಾಗ ನಾನು ಪಡಸಾಲೆಗೆ ಬಂದೆ. ಅದೇ ಮುದುಕಿ ಬಟ್ಟೆಗಂಟು ಹಿಡಿದು ಬೆಂಗಾವಲಿನ ಹವಾಲ್ದಾರನ ಮುಂದೆ ನಿಂತಿದ್ದಳು. ಆತ ತಲೆಯಾಡಿಸಿದ. ಆಕೆ ಗಂಟು ಬಿಚ್ಚಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತೆಗೆದು ಕೋಳ ಹಾಕಿದ್ದ ಮಗನ ಮುಂದೆ ಇಟ್ಟಳು. ಅರ್ಧ ಗಂಟೆಯ ಹಿಂದೆ ಅವನನ್ನು ಜೀವಾವಧಿ ಶಿಕ್ಷೆಗೆ ದೂಡಿದ್ದ ತಾಯಿ. ಅವನು ತಲೆ ಎತ್ತಲಿಲ್ಲ, ಆದರೆ ತಿಂದ. ಶಿಕ್ಷೆಯಾಗಿ ಅವನನ್ನು ಮೈಸೂರಿನ ಕೇಂದ್ರ ಕಾರಾಗೃಹಕ್ಕೆ ಕಳಿಸಿದ ಮೇಲೆ, ಮೊಮ್ಮಗಳನ್ನು ಕಟ್ಟಿಕೊಂಡು ಆಕೆ ಬಸ್ಸು ಹತ್ತಿ ಅಲ್ಲಿಗೂ ಹೋಗುತ್ತಿದ್ದಳೆಂದು ಆ ಊರಿನವರು ಹೇಳಿದರು. ಸಾಕ್ಷಿಯನ್ನೂ ಹೇಳಿದಳು, ಬುತ್ತಿಯನ್ನೂ ಒಯ್ದಳು. ಒಂದು ಇನ್ನೊಂದಕ್ಕೆ ಅಡ್ಡಿ ಎಂದು ಆಕೆಗೆ ಅನ್ನಿಸಲೇ ಇಲ್ಲ.

ಇಂಥದ್ದನ್ನು ಕಣ್ಣಾರೆ ಕಂಡವನು ನಾನು. ಏಳು ವರ್ಷ ಕಳೆದ ಮೇಲೆ ನನ್ನ ಸರದಿ ಬಂದಾಗ ಏನು ಮಾಡಿದೆ, ಕೇಳಿ.

1994ರ ಚಳಿಗಾಲ. ರಾತ್ರಿ ಹನ್ನೊಂದು ದಾಟಿತ್ತು. ಅಣ್ಣ ಬಂದು ಬಾಗಿಲು ತಟ್ಟಿದ. ಹಿಂದೆ ಅವನ ಮಗ, ಇಪ್ಪತ್ತೆರಡು ವರ್ಷದ ಹುಡುಗ, ಅಂಗಿಯ ತುಂಬ ಬೆವರು, ಬಾಯಲ್ಲಿ ಬ್ರಾಂದಿಯ ವಾಸನೆ. ಯಾವುದೋ ಮದುವೆಯಿಂದ ಜೀಪು ಓಡಿಸಿಕೊಂಡು ಬರುವಾಗ, ಕೂಲಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವನೊಬ್ಬನಿಗೆ ಗುದ್ದಿದ್ದ. ನಿಲ್ಲಿಸದೆ ಬಂದಿದ್ದ. ಆ ಮನುಷ್ಯ ಸತ್ತಿದ್ದ. ಅಣ್ಣ ನಮ್ಮ ಅಪ್ಪ ತೀರಿಕೊಂಡ ದಿನವೂ ಅತ್ತವನಲ್ಲ. ಅವತ್ತು ನನ್ನ ಎರಡೂ ಕೈ ಹಿಡಿದುಕೊಂಡು, “ನೀನು ಕೋರ್ಟಿನಲ್ಲಿರೋನು, ಏನಾದರೂ ದಾರಿ ಹೇಳು” ಅಂದ.

ನಾನು ದಾರಿ ಹೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದೆ: “ಜೀಪು ಓಡಿಸ್ತಿದ್ದೋರು ಯಾರು ಅಂತ ನೋಡಿದವರು ಇದ್ದಾರಾ?” ಅಷ್ಟೇ. ಅಣ್ಣ ದಡ್ಡನಲ್ಲ. ಬೆಳಗಾಗುವಷ್ಟರಲ್ಲಿ ಅವನ ಮನೆಯ ಡ್ರೈವರ್ ಠಾಣೆಗೆ ಹೋಗಿ, ಗಾಡಿ ಓಡಿಸುತ್ತಿದ್ದವನು ನಾನೇ ಎಂದು ಹೇಳಿಯಾಗಿತ್ತು. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಆಗಿನ ದಂಡಸಂಹಿತೆಯ 304-ಎ ಕಲಮಿನಲ್ಲಿ ಹೆಚ್ಚೆಂದರೆ 2 ವರ್ಷ; ಆರು ತಿಂಗಳಿಗೆ ಮುಗಿಯುತ್ತದೆ, ಅಲ್ಲಿಯವರೆಗೆ ಸಂಸಾರ ನಾವು ನೋಡಿಕೊಳ್ಳುತ್ತೇವೆ, ಆಮೇಲೆ ಮಗನನ್ನು ಓದಿಸುತ್ತೇವೆ. ಇದು ಒಪ್ಪಂದ. ಆರು ತಿಂಗಳು ಸಜೆಯಾಯಿತು. ಲೈಸೆನ್ಸು ಹೋಯಿತು. ಜೈಲಿನಿಂದ ಬಂದವನನ್ನು ಬೇರೆ ಯಾರೂ ಡ್ರೈವರನಾಗಿ ಇಟ್ಟುಕೊಳ್ಳಲಿಲ್ಲ. ಅಣ್ಣ ವರ್ಷದ ತನಕ ದುಡ್ಡು ಕೊಟ್ಟ. ಆಮೇಲೆ ಮಳೆ ಹೋಯಿತು, ತೆಂಗಿನ ಫಸಲು ಬಿತ್ತು, ಒಂದೊಂದು ನೆಪ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಒರೆಸಲು ಬಟ್ಟೆ ಕೊಟ್ಟವನು ನಾನು.

ಸತ್ತವನ ಹೆಂಡತಿ ವಿಚಾರಣೆಯ ದಿನ ಕೋರ್ಟಿಗೆ ಬಂದು, ಹೊರಗೆ ಆ ಡ್ರೈವರನ ಮೇಲೆ ಮಣ್ಣು ತೂರಿ, ನಿನ್ನ ಮನೆ ಹಾಳಾಗ ಎಂದು ಶಪಿಸಿದಳಂತೆ. ಆಕೆಯ ಶಾಪ ಕೂಡ ತಪ್ಪು ಮನುಷ್ಯನಿಗೆ ಹೋಗುವಂತೆ ನಾವು ಮಾಡಿದ್ದೆವು.

ಅಣ್ಣನ ಮಗನಿಗೆ ಮುಂದೆ ದೇವರೇ ಶಿಕ್ಷೆ ಕೊಟ್ಟ ಎಂದು ಬರೆದು ಈ ಕತೆ ಮುಗಿಸಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಅವನು ಗುತ್ತಿಗೆದಾರನಾದ, ಚೆನ್ನಾಗಿ ಸಂಪಾದಿಸಿದ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದೊಡ್ಡ ಮೊತ್ತವನ್ನೇ ಕೊಟ್ಟ. ಆದರೆ 2011ರಲ್ಲಿ ಅಣ್ಣ ತೀರಿಕೊಂಡು, ವೈಕುಂಠ ಸಮಾರಾಧನೆ ಮುಗಿದ ಸಂಜೆ, ಎಲೆ ಎತ್ತಿದ ಪಂಕ್ತಿಯಲ್ಲಿ ನಾವಿಬ್ಬರೇ ಕೂತಿದ್ದಾಗ ಅವನು ಇದ್ದಕ್ಕಿದ್ದಂತೆ ಅಂದ: “ಅವತ್ತು ರಾತ್ರಿ ಅಪ್ಪ ನನ್ನ ಒಂದು ಮಾತೂ ಕೇಳಲಿಲ್ಲ ಚಿಕ್ಕಪ್ಪ. ನೀವೂ ಕೇಳಲಿಲ್ಲ. ಕೇಳಿದ್ದಿದ್ರೆ ನಾನೇ ಹೋಗ್ತೀನಿ ಅಂತಿದ್ನೇನೋ.”

ಅಂತಿದ್ದನೋ ಇಲ್ಲವೋ, ಯಾರು ಬಲ್ಲರು? ಆದರೆ ಅವನು ಹೇಳಿದ್ದರಲ್ಲಿ ಒಂದು ಪೂರ್ತಿ ನಿಜ. ನಾವು ಯಾರೂ ಅವನನ್ನು ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಗಂಡಸಿನ ಬದುಕಿನ ಅತಿ ದೊಡ್ಡ ಪ್ರಶ್ನೆಗೆ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಅವನ ತಲೆಯ ಮೇಲಿಂದಲೇ ಉತ್ತರ ಬರೆದುಬಿಟ್ಟೆವು. ಮಕ್ಕಳನ್ನು ಕಾಪಾಡುವುದು ಎಂದು ನಾವು ಕರೆಯುವುದು ಇದನ್ನೇ. ತಪ್ಪು ಮಾಡಿದವನಿಗೆ ಉಳಿದಿರುವ ಒಂದೇ ಒಂದು ಒಳ್ಳೆಯ ಕೆಲಸವೆಂದರೆ, ಹೌದು ನಾನು ಮಾಡಿದೆ ಎಂದು ಒಪ್ಪಿಕೊಳ್ಳುವುದು. ಹೆತ್ತವರ ರಕ್ಷಣೆ ಮೊದಲು ಕಸಿದುಕೊಳ್ಳುವುದು ಅದನ್ನೇ.

ಹಾಗಾಗಿ ನನ್ನ ವಾದ ಇಷ್ಟು. ಅಪರಾಧ ಮಾಡಿದ ಮಕ್ಕಳ ಪಕ್ಕದಲ್ಲಿ ನಿಲ್ಲಿ. ಆದರೆ ಮಕ್ಕಳಿಗೂ ನ್ಯಾಯಕ್ಕೂ ನಡುವೆ ಅಡ್ಡ ನಿಲ್ಲಬೇಡಿ. ಒಳ್ಳೆಯ ವಕೀಲರನ್ನು ಇಡಿ, ಜಾಮೀನು ಹಾಕಿ, ಜೈಲಿಗೆ ಬುತ್ತಿ ಒಯ್ಯಿರಿ, ಹೊರಗೆ ಬಂದ ದಿನ ಬಾಗಿಲಲ್ಲಿ ಕಾದು ಮನೆಗೆ ಕರೆತನ್ನಿ. ಊರೆಲ್ಲ ಉಗುಳಿದರೂ ನನ್ನ ಮಗ ಎಂದು ಹೇಳಿ. ಇದೆಲ್ಲ ಕರುಳಿನ ಹಕ್ಕು, ಯಾರೂ ಕಿತ್ತುಕೊಳ್ಳಬಾರದು. ಆದರೆ ರಕ್ತ ಹತ್ತಿದ ಬಟ್ಟೆ ಸುಡುವುದು, ಸಾಕ್ಷಿಗೆ ದುಡ್ಡು ಕೊಡುವುದು, ದೂರು ಕೊಟ್ಟ ಹೆಣ್ಣಿನ ಮನೆಗೆ ನಾಲ್ಕು ಜನರನ್ನು ಕಳಿಸುವುದು, ಇನ್ನೊಬ್ಬರ ಮಗನನ್ನು ಕಟಕಟೆಗೆ ಹತ್ತಿಸುವುದು ಇವು ಕರುಳಿನ ಕೆಲಸವಲ್ಲ. ಇವು ಎರಡನೆಯ ಅಪರಾಧ. ಮೊದಲನೆಯದನ್ನು ಮಗ ಕುಡಿದೋ, ಕೋಪದಲ್ಲೋ ಮಾಡಿದ್ದ. ಇದನ್ನು ನಾವು ಕಾಫಿ ಕುಡಿಯುತ್ತ, ಯೋಚನೆ ಮಾಡಿ ಮಾಡುತ್ತೇವೆ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಮು ಅಪರಾಧಿಗೆ ಆಶ್ರಯ ಕೊಡುವುದನ್ನು ಅಪರಾಧವೆನ್ನುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಇದು 212. ಅಂದೂ ಇಂದೂ ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ, ತಾಯಿ ತಂದೆಗೆ ಇಲ್ಲ. ಸಾಕ್ಷ್ಯ ನಾಶಕ್ಕೆ ಬೇರೆ ಕಲಮು, ಈಗ 238, ಮೊದಲು 201; ಅಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಮರಣದಂಡನೆ ವಿಧಿಸಬಹುದಾದ ಅಪರಾಧದ ಸಾಕ್ಷ್ಯವಾದರೆ 7 ವರ್ಷದವರೆಗೆ ಸಜೆ. ಮೊದಲನೆಯದರ ಬಗ್ಗೆ ನನಗೆ ಅಸಮಾಧಾನ ಇದೆ. ನಡುರಾತ್ರಿ ಬಾಗಿಲು ತಟ್ಟಿದ ಮಗನಿಗೆ ಒಂದು ತುತ್ತು ಅನ್ನ ಹಾಕಿ ಮಲಗಿಸಿದ ತಾಯಿಯನ್ನು ಜೈಲಿಗೆ ಕಳಿಸಬೇಕೆಂದು ನಾನು ಹೇಳಲಾರೆ. ಜರ್ಮನಿ, ಫ್ರಾನ್ಸ್‌ಗಳ ಕಾನೂನು ಹತ್ತಿರದ ಬಂಧುಗಳಿಗೆ ಈ ವಿಷಯದಲ್ಲಿ ವಿನಾಯಿತಿ ಕೊಟ್ಟಿದೆ. ನಮ್ಮಲ್ಲೂ ಕೊಟ್ಟರೆ ಆಕಾಶ ಬೀಳುವುದಿಲ್ಲ. ಆದರೆ ಎರಡನೆಯದರಲ್ಲಿ ಒಂದು ಎಳೆಯೂ ಸಡಿಲವಾಗಬಾರದು. ಅನ್ನ ಹಾಕುವುದರಿಂದ ಯಾರ ನ್ಯಾಯವೂ ಸಾಯುವುದಿಲ್ಲ, ಬಟ್ಟೆ ಸುಟ್ಟರೆ ಸಾಯುತ್ತದೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು, ‘ನಿನ್ನ ಮಗನಾಗಿದ್ದರೆ?’ ಎಂಬುದು. ಇದನ್ನು ಕೇಳಿದವರು ವಾದ ಗೆದ್ದೆವೆಂದು ತಿಳಿಯುತ್ತಾರೆ. ನನಗೂ ಒಬ್ಬ ಮಗನಿದ್ದಾನೆ. ಅವನು ಅಂಥದ್ದು ಮಾಡಿ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ? ಅಣ್ಣನ ಮಗನಿಗೆ ಮಾಡಿದ್ದನ್ನೇ ಮಾಡುತ್ತಿದ್ದೆನೇನೋ. ಆದರೆ ಅದರಿಂದ ಸಿದ್ಧವಾಗುವುದು ನನ್ನ ದೌರ್ಬಲ್ಯವೇ ಹೊರತು, ಅದು ಸರಿ ಎಂದಲ್ಲ. ನಾನು ಎಡವಬಹುದು ಎಂಬ ಕಾರಣಕ್ಕೆ ಹಳ್ಳವನ್ನು ರಸ್ತೆ ಅನ್ನಲಾಗುವುದಿಲ್ಲ.

ಎರಡನೆಯದು, ‘ಪೊಲೀಸರು ಹೊಡೆದು ಸಾಯಿಸುತ್ತಾರೆ’ ಎಂಬುದು. ಇದು ಗಟ್ಟಿ ಮಾತು. ಠಾಣೆಯ ಲಾಠಿಯ ಭಯ ಬಡವರಿಗೆ ಹೆಚ್ಚು, ಅದು ಸುಳ್ಳು ಭಯವೂ ಅಲ್ಲ. ಆದರೆ ಲಾಠಿಯಿಂದ ಕಾಪಾಡುವುದು ಬೇರೆ, ಕಾನೂನಿನಿಂದ ಕಾಪಾಡುವುದು ಬೇರೆ. ಮಗನನ್ನು ಹಗಲು ಹೊತ್ತಿನಲ್ಲಿ, ವಕೀಲರ ಜೊತೆಯಲ್ಲಿ, ನಾಲ್ಕು ಜನರೆದುರಿಗೆ ಒಪ್ಪಿಸಿ. ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆಯೇ ಶರಣಾಗಲಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಆಗಬೇಕು ಎಂದೆಲ್ಲ 1996ರಲ್ಲೇ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದರೆ, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಉಚಿತ ನೆರವು ಇದೆ. ಮಗನನ್ನು ಬಚ್ಚಿಡಲು ಪಡುವ ಪಾಡಿನಲ್ಲಿ ಅರ್ಧ ಪಟ್ಟರೆ ಇವನ್ನೆಲ್ಲ ಕೇಳಿ ಪಡೆಯಬಹುದು.

ಮೂರನೆಯದು, ‘ದೊಡ್ಡವರ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ, ನಾವು ಮಾತ್ರ ಯಾಕೆ ಒಪ್ಪಿಸಬೇಕು?’ ಎಂಬುದು. ದೊಡ್ಡವರ ಮಕ್ಕಳು ತಪ್ಪಿಸಿಕೊಳ್ಳುವುದು ಗಾಳಿಯಲ್ಲಿ ಅಲ್ಲ, ಇನ್ನೊಬ್ಬರ ಬೆನ್ನ ಮೇಲೆ ಕಾಲಿಟ್ಟು. ಆ ಬೆನ್ನು ಯಾವಾಗಲೂ ಡ್ರೈವರನದು, ಆಳಿನದು, ಮನೆಗೆಲಸದವಳದು. ಪುಣೆಯ ಸುದ್ದಿ ಬಂದ ಅದೇ ವಾರ, 2024ರ ಮೇ 23ರಂದು, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ವಿದೇಶದಲ್ಲಿದ್ದ ಮೊಮ್ಮಗ, ಆಗಿನ ಹಾಸನದ ಸಂಸದನಿಗೆ, ಎಲ್ಲಿದ್ದರೂ ಬಂದು ಪೊಲೀಸರಿಗೆ ಶರಣಾಗಬೇಕೆಂದು ಬಹಿರಂಗ ಪತ್ರ ಬರೆದರು. ಆತ ದೇಶ ಬಿಟ್ಟು ನಾಲ್ಕು ವಾರವಾಗುತ್ತ ಬಂದಿತ್ತು. ಪತ್ರ ತಡವಾಯಿತೆಂದೇ ನಾನೂ ಹೇಳುತ್ತೇನೆ. ಆದರೂ ಮನೆಯ ಹಿರಿಯ ಆಡಬೇಕಾದ ಮಾತು ಅದೇ. ಮೇ 31ರಂದು ಆತ ಹಿಂತಿರುಗಿದ, ಬಂಧನವಾಯಿತು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರದ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಸಾಕ್ಷಿ ಹೇಳಿದವಳು ಆ ಕುಟುಂಬದಲ್ಲಿ ಕೆಲಸಕ್ಕಿದ್ದ ಹೆಂಗಸು. ದೊಡ್ಡ ಮನೆಗಳ ಎದುರು ಅಂಥವರ ಮಾತು ನಿಲ್ಲಬಲ್ಲದು; ನಮ್ಮಂಥ ಚಿಕ್ಕಪ್ಪಂದಿರು ಅದನ್ನು ಅಡಗಿಸದಿದ್ದರೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಕಟುವಾದರೂ ಸರಿ. ಕರುಳು ಕರುಳು ಎಂದು ಹೇಳುವ ನಾವು ಮಗಳ ವಿಷಯದಲ್ಲಿ ಹಾಗೆ ಹೇಳಿದ್ದುಂಟೆ? ಮಗಳು ಬೇರೆ ಜಾತಿಯವನನ್ನು ಮದುವೆಯಾದರೆ, ಯಾವ ಅಪರಾಧವನ್ನೂ ಮಾಡದ ಆ ಹುಡುಗಿಗೆ ಬಾಗಿಲು ಹಾಕಿದ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಬದುಕಿರುವ ಮಗಳಿಗೆ ತಿಥಿ ಮಾಡಿದವರನ್ನು ಕಂಡಿದ್ದೇನೆ. ಕೈಯೆತ್ತಿ ಕೊಂದವರ ಕಡತಗಳೂ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಅಂಥ ಮನೆಯಲ್ಲೇ ಮಗ ಅತ್ಯಾಚಾರ ಮಾಡಿ ಬಂದರೆ, ‘ವಯಸ್ಸಿನ ಹುಡುಗ’ ಎಂದು ಹೊಲ ಅಡವಿಟ್ಟು ವಕೀಲರ ಮನೆಗೆ ಓಡುತ್ತಾರೆ. ಕರುಳು ಒಂದೇ ಆಗಿದ್ದರೆ ಈ ಭೇದ ಎಲ್ಲಿಂದ ಬಂತು? ನಾವು ಕಾಪಾಡುತ್ತಿರುವುದು ಮಗನನ್ನೂ ಅಲ್ಲ. ಮನೆತನದ ಹೆಸರನ್ನು, ಗಂಡುಮಗನ ಮೇಲೆ ಹೂಡಿದ ಬಂಡವಾಳವನ್ನು. ಅದಕ್ಕೆ ಕರುಳಿನ ಹೆಸರು ಇಟ್ಟಿದ್ದೇವೆ.

ಧೃತರಾಷ್ಟ್ರನನ್ನು ಕುರುಡನೆಂದು ಕ್ಷಮಿಸುವುದು ನಮ್ಮ ರೂಢಿ. ಆದರೆ ಅವನಿಗೆ ಗೊತ್ತಿಲ್ಲದ್ದು ಏನಿತ್ತು? ವಿದುರ ಹೇಳುತ್ತಲೇ ಇದ್ದ, ಸಭೆಯಲ್ಲಿ ಸೊಸೆಯ ಕೂಗು ಕಿವಿಗೆ ಬಿದ್ದೇ ಇತ್ತು. ಗಾಂಧಾರಿಯೂ ತಾಯಿಯೇ, ಅವಳ ಕಣ್ಣಿಗೂ ಬಟ್ಟೆಯಿತ್ತು. ಆದರೆ ಮಗ ಯುದ್ಧಕ್ಕೆ ಹೊರಟು ಗೆಲುವಿನ ಹರಕೆ ಬೇಡಿದಾಗ, ಧರ್ಮ ಇರುವ ಕಡೆ ಗೆಲುವು ಎಂದಷ್ಟೇ ಹೇಳಿದಳು. ಮಕ್ಕಳು ಸತ್ತಾಗ ಹೆಚ್ಚು ಅತ್ತವಳೂ ಅವಳೇ. ನಮ್ಮ ಕೋರ್ಟಿನ ಪಡಸಾಲೆಯಲ್ಲಿ ರೊಟ್ಟಿ ಗಂಟು ಬಿಚ್ಚಿದ ಆ ಮುದುಕಿ ಮಹಾಭಾರತ ಓದಿದವಳಲ್ಲ.

ಪುಣೆಯ ಸುದ್ದಿ ಓದಿದ ವರ್ಷವೇ, ದೀಪಾವಳಿ ಕಳೆದ ಮೇಲೆ, ನಾನು ಆ ಡ್ರೈವರನ ಊರಿಗೆ ಹೋದೆ. ಅವನು ತೀರಿಕೊಂಡು ಎಂಟು ವರ್ಷವಾಗಿತ್ತು. ಅಪ್ಪ ಜೈಲಿಗೆ ಹೋದಾಗ ನಾಲ್ಕನೇ ಕ್ಲಾಸಿನಲ್ಲಿದ್ದ ಮಗ ಈಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಓದಿಸುತ್ತೇವೆಂದು ನಾವು ಮಾತು ಕೊಟ್ಟಿದ್ದ ಹುಡುಗ. ಕುರ್ಚಿ ಕೊಟ್ಟು ಕೂರಿಸಿದ. ನಾನು ಎಲ್ಲವನ್ನೂ ಹೇಳಿದೆ, ನನ್ನ ಒಂದು ಪ್ರಶ್ನೆಯನ್ನೂ ಸೇರಿಸಿ. ಅವನು ಸಿಟ್ಟಾಗಲಿಲ್ಲ. “ಅಮ್ಮಂಗೆ ಗೊತ್ತು, ನಂಗೂ ಗೊತ್ತು ಸಾರ್. ಊರಿಗೆ ಗೊತ್ತಿಲ್ಲ. ಸ್ಕೂಲಲ್ಲಿ ನನ್ನ ಕೊಲೆಗಾರನ ಮಗ ಅಂತಿದ್ರು” ಅಂದ. ಎಣ್ಣೆ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದ: “ಇದನ್ನ ಬರೆದು ಕೊಡ್ತೀರಾ?”

ಜೀವಮಾನವೆಲ್ಲ ಬೇರೆಯವರ ಹೇಳಿಕೆಗಳನ್ನು ಬರೆದುಕೊಂಡ ಕೈ ಇದು. ಆದರೂ ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿದೆ. ಸತ್ತ ಅಣ್ಣನ ಹೆಸರು, ಬದುಕಿರುವ ಅವನ ಮಗನ ಸಂಸಾರ, ಅತ್ತಿಗೆಯ ಮುಖ. ಕಡೆಗೂ ಅಣ್ಣನ ಮಗನನ್ನೇ ಕರೆದು ಕೇಳಿದೆ, 1994ರಲ್ಲಿ ಕೇಳಬೇಕಾಗಿದ್ದದ್ದನ್ನು. ಅವನು ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದು, “ಬರೀರಿ ಚಿಕ್ಕಪ್ಪ. ನಾನೂ ರುಜು ಹಾಕ್ತೀನಿ” ಅಂದ.

ಈ ಲೇಖನದಲ್ಲಿ ಹೆಸರುಗಳಿಲ್ಲ. ಹೆಸರುಗಳಿರುವ ಪ್ರತಿಗೆ ಇಬ್ಬರೂ ರುಜು ಹಾಕಿ ಆ ಮೆಕ್ಯಾನಿಕ್ ಹುಡುಗನ ಕೈಗೆ ಕೊಟ್ಟಿದ್ದೇವೆ. ಅದನ್ನು ಏನು ಮಾಡುವುದು ಅವನಿಗೆ ಬಿಟ್ಟದ್ದು. ಅವನು ಠಾಣೆಗೆ ಒಯ್ದರೆ ನಾನು ಅಣ್ಣನ ಮಗನ ಜೊತೆಯಲ್ಲಿ ಹೋಗುತ್ತೇನೆ. ಈ ಸಲ ಅವನ ಪಕ್ಕದಲ್ಲಿ ನಿಲ್ಲುತ್ತೇನೆ.